ಜರ್ಮನಿ ಮಾಸ್ಟರ್ಸ್‌ಗೆ ಕೋರ್ಸ್ ಆರಿಸೋದು ಹೇಗೆ: ಹೆಸರು ನೋಡಿ ಅಪ್ಲೈ ಮಾಡ್ಬೇಡಿ, ಮೊದಲು ಕ್ರೆಡಿಟ್ ಲೆಕ್ಕ ಹಾಕಿ

ಪ್ರತಿ ವರ್ಷ ಜೂನ್-ಜುಲೈ ಬಂತು ಅಂದ್ರೆ ಅದೇ ಪ್ರಶ್ನೆ. "ಸಿಜಿಪಿಎ 8.4 ಇದೆ, ಐಇಎಲ್‌ಟಿಎಸ್ 7 ಇದೆ, ಎಂಟು ಕಡೆ ಅಪ್ಲೈ ಮಾಡಿದ್ದೆ, ಏಳು ಕಡೆ ರಿಜೆಕ್ಟ್, ಯಾಕೆ?" ರಿಜೆಕ್ಷನ್ ಲೆಟರ್ ತೆಗೆದು ನೋಡಿದ್ರೆ ಮಾರ್ಕ್ಸ್ ಸುದ್ದಿನೇ ಇರಲ್ಲ, ನಿಮ್ಮ ಬ್ಯಾಚುಲರ್ಸ್ ನಮ್ಮ ಕೋರ್ಸಿಗೆ ವಿಷಯವಾರು ಹೊಂದ್ತಿಲ್ಲ, ಇಂಥಿಂಥ ವಿಷಯದಲ್ಲಿ ಇಷ್ಟು ಕ್ರೆಡಿಟ್ ಕಮ್ಮಿ ಇದೆ ಅಂತ ಬರೆದಿರ್ತಾರೆ. ಅಂದ್ರೆ ಹುಡುಗ ಅಪ್ಲೈ ಮಾಡೋ ದಿನವೇ ರಿಜೆಕ್ಟ್ ಆಗಿದ್ದ, ಗೊತ್ತಾಗೋಕೆ ಮೂರು ತಿಂಗಳು ಹಿಡೀತು ಅಷ್ಟೆ.

ಈ ಗೈಡ್ ಬಿಇ/ಬಿಟೆಕ್ ಮಾಡಿರೋರಿಗೆ, ಅದ್ರಲ್ಲೂ ವಿಟಿಯು ಕಡೆಯವರಿಗೆ, ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಹುಡುಕ್ತಿರೋರಿಗೆ. ಬಿಕಾಂ, ಬಿಬಿಎ ಅವರಿಗೂ ವಿಧಾನ ಇದೇ, ಗಣಿತದ ಜಾಗದಲ್ಲಿ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಅಕೌಂಟಿಂಗ್ ಕ್ರೆಡಿಟ್ ಕೇಳ್ತಾರೆ, ಅಷ್ಟೇ ವ್ಯತ್ಯಾಸ.

## ಕೂರೋ ಮುಂಚೆ ಟೇಬಲ್ ಮೇಲೆ ಏನೇನಿರ್ಬೇಕು

ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಒಂದು ಖಾಲಿ ಎಕ್ಸೆಲ್ ಶೀಟ್, ಬ್ರೌಸರ್‌ನಲ್ಲಿ ಜರ್ಮನ್‌ನಿಂದ ಇಂಗ್ಲಿಷ್‌ಗೆ ತಿರುಗಿಸೋ ಟ್ರಾನ್ಸ್‌ಲೇಟರ್, ಮತ್ತೆ ಎಲ್ಲಕ್ಕಿಂತ ಮುಖ್ಯ, ನೀವು ಓದಿದ ಸ್ಕೀಮ್‌ನ ಸಿಲಬಸ್ ಪಿಡಿಎಫ್. ನೀವು ಓದಿದ ಸ್ಕೀಮ್ ಅಂತ ಒತ್ತಿ ಹೇಳ್ತಿದೀನಿ, ಯಾಕಂದ್ರೆ 2018 ಸ್ಕೀಮ್‌ನಲ್ಲಿ ಓದಿ 2021 ಸ್ಕೀಮ್ ಸಿಲಬಸ್ ಲಗತ್ತಿಸೋರು ತುಂಬಾ ಜನ, ಮಾರ್ಕ್ಸ್ ಕಾರ್ಡಲ್ಲಿರೋ ಸಬ್ಜೆಕ್ಟ್ ಕೋಡ್ ಒಂದು, ಸಿಲಬಸ್‌ನಲ್ಲಿರೋದು ಇನ್ನೊಂದು ಅಂತ ಆದ್ರೆ ಆ ಕಡೆ ಕೂತಿರೋರಿಗೆ ಹುಡುಕಿ ಹೊಂದಿಸೋ ಕರ್ಮ ಏನಿಲ್ಲ, ಪಕ್ಕಕ್ಕಿಡ್ತಾರೆ. ಅಟಾನಮಸ್ ಕಾಲೇಜಿನವರು ವಿಟಿಯು ಸೈಟಲ್ಲಿ ಹುಡುಕ್ಬೇಡಿ, ನಿಮ್ಮ ಕಾಲೇಜಿನ ಸಿಲಬಸ್ಸೇ ಬೇಕು. ಸಿಕ್ಕ ತಕ್ಷಣ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಹಳೇ ಸ್ಕೀಮ್ ಲಿಂಕ್‌ಗಳು ಎರಡು ವರ್ಷ ಆದ್ಮೇಲೆ ಎಲ್ಲಿ ಹೋಗ್ತಾವೋ ಗೊತ್ತಾಗಲ್ಲ.

## ಹಂತ 1: ಕ್ಯಾಲೆಂಡರ್ ಉಲ್ಟಾ ಬರ್ಕೊಳ್ಳಿ

ಜರ್ಮನಿಯಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ಯೂನಿವರ್ಸಿಟಿಗಳಲ್ಲಿ ವಿಂಟರ್ ಸೆಮಿಸ್ಟರ್ ಅಕ್ಟೋಬರ್‌ಗೆ, ಸಮ್ಮರ್ ಏಪ್ರಿಲ್‌ಗೆ ಶುರು. ವಿಂಟರ್‌ಗೆ ಜುಲೈ 15, ಸಮ್ಮರ್‌ಗೆ ಜನವರಿ 15 ಲಾಸ್ಟ್ ಡೇಟ್ ಅಂತ ಎಲ್ಲಾ ಕಡೆ ಓದಿರ್ತೀರಿ. ಇದನ್ನ ನಂಬ್ಕೊಂಡು ಕೂರ್ಬೇಡಿ. ಅದು ಸಾಮಾನ್ಯ ದಿನಾಂಕ, ಇಂಗ್ಲಿಷ್ ಮಾಸ್ಟರ್ಸ್‌ಗೆ ಯೂರೋಪಿಯನ್ ಯೂನಿಯನ್ ಹೊರಗಿನವರಿಗೆ ಎಷ್ಟೋ ಕಡೆ ಬೇರೆ ದಿನಾಂಕ ಇರತ್ತೆ, ಆಖನ್‌ನ ಆರ್‌ಡಬ್ಲ್ಯೂಟಿಎಚ್‌ನಂಥ ಕಡೆ ವಿಂಟರ್‌ಗೆ ಮಾರ್ಚ್ 1ಕ್ಕೇ ಬಾಗಿಲು ಹಾಕ್ತಾರೆ. ಒಂದೇ ಯೂನಿವರ್ಸಿಟಿ ಒಳಗೇ ಎರಡು ಕೋರ್ಸಿಗೆ ಎರಡು ದಿನಾಂಕ ಇರ್ಬಹುದು.

ಹಾಗಾಗಿ ಮುಂದಿನ ಅಕ್ಟೋಬರ್‌ಗೆ ಹೋಗೋರು ಈ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೋರ್ಸ್ ಹುಡುಕೋಕೆ ಕೂರ್ಬೇಕು. ಡಿಸೆಂಬರ್ ಒಳಗೆ ಲಿಸ್ಟ್ ಗಟ್ಟಿ ಆಗಿ, ಐಇಎಲ್‌ಟಿಎಸ್ ಮುಗಿದು, ಎಪಿಎಸ್ ಅರ್ಜಿ ಹೋಗಿರ್ಬೇಕು. ಎಪಿಎಸ್ ಅಂದ್ರೆ ನಿಮ್ಮ ಡಿಗ್ರಿ ಅಸಲಿನಾ ಅಂತ ಪರಿಶೀಲಿಸಿ ಕೊಡೋ ಸರ್ಟಿಫಿಕೇಟ್, ಆಫೀಸ್ ದೆಹಲಿಯಲ್ಲಿದೆ, ಭಾರತದವರಿಗೆ 2022ರ ನವೆಂಬರ್ 1ರಿಂದ ಸ್ಟೂಡೆಂಟ್ ವೀಸಾಗೆ ಇದು ಕಡ್ಡಾಯ, ಫೀಸು 18,000 ರೂಪಾಯಿ. ವೀಸಾ ಟೈಮಲ್ಲಿ ನೋಡ್ಕೊಂಡ್ರಾಯ್ತು ಅಂತ ಬಿಡ್ಬೇಡಿ, ಬಹಳಷ್ಟು ಯೂನಿವರ್ಸಿಟಿಗಳು ಅಪ್ಲಿಕೇಷನ್ ಜೊತೆಗೇ ಕೇಳ್ತವೆ.

## ಹಂತ 2: ನಿಮ್ಮ ಡಿಗ್ರೀನ ಇಸಿಟಿಎಸ್‌ಗೆ ಇಳಿಸಿ

ಯೂರೋಪಲ್ಲಿ ಕ್ರೆಡಿಟ್ ಅಳೆಯೋ ಅಳತೆ ಇಸಿಟಿಎಸ್. ಪೂರ್ತಿ ಒಂದು ವರ್ಷದ ಓದಿಗೆ 60, ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆ ಕೆಲಸ, ಕ್ಲಾಸು, ಮನೇಲಿ ಓದೋದು ಎಲ್ಲಾ ಸೇರಿ. ನಮ್ಮದು ನಾಲ್ಕು ವರ್ಷ, ಅಂದ್ರೆ 240 ಅಂತ ಲೆಕ್ಕ ಇಟ್ಕೊಂಡು ಶುರು ಮಾಡಿ.

ಎಕ್ಸೆಲ್‌ನಲ್ಲಿ ಐದು ಕಾಲಂ ಹಾಕಿ: ಸಬ್ಜೆಕ್ಟ್ ಕೋಡ್, ಹೆಸರು, ವಿಟಿಯು ಕ್ರೆಡಿಟ್, ಇಸಿಟಿಎಸ್, ವಿಭಾಗ. ಡಿಗ್ರಿ ಒಟ್ಟು 160 ಕ್ರೆಡಿಟ್ ಆಗಿದ್ರೆ 240 ಭಾಗಿಸು 160, ಅಂದ್ರೆ ಒಂದು ಕ್ರೆಡಿಟ್‌ಗೆ 1.5. 2018 ಸ್ಕೀಮ್‌ನವರದ್ದು ಒಟ್ಟು 175, ಅವರಿಗೆ ಒಂದಕ್ಕೆ ಸುಮಾರು 1.37 ಮಾತ್ರ. 4 ಕ್ರೆಡಿಟ್ ಪೇಪರ್ ಒಬ್ಬರಿಗೆ 6 ಆಗತ್ತೆ, ಇನ್ನೊಬ್ಬರಿಗೆ 5.5. ಚಿಲ್ಲರೆ ವ್ಯತ್ಯಾಸ ಅನ್ಸತ್ತೆ, ಮುಂದೆ ಹಂತ 6ರಲ್ಲಿ ನೋಡಿ ಈ ಚಿಲ್ಲರೆ ಏನು ಮಾಡತ್ತೆ ಅಂತ.

ಕೊನೇ ಕಾಲಂ ವಿಭಾಗ ಅನ್ನೋದನ್ನ ಎಲ್ರೂ ಬಿಟ್ಬಿಡ್ತಾರೆ, ಕೆಲಸಕ್ಕೆ ಬರೋದೇ ಅದು. ಜರ್ಮನಿಯಲ್ಲಿ ಕಂಪ್ಯೂಟರ್ ಸೈನ್ಸ್‌ನ ಸಾಮಾನ್ಯವಾಗಿ ನಾಲ್ಕಾಗಿ ಒಡೀತಾರೆ: ಗಣಿತ, ಥಿಯರೆಟಿಕಲ್, ಪ್ರಾಕ್ಟಿಕಲ್, ಟೆಕ್ನಿಕಲ್. ಆಟೋಮಾಟಾ ಥಿಯರಿ, ಅಲ್ಗಾರಿದಮ್ಸ್ ಥಿಯರೆಟಿಕಲ್ ಕಡೆ. ಡಿಬಿಎಂಎಸ್, ಆಪರೇಟಿಂಗ್ ಸಿಸ್ಟಮ್ಸ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಪ್ರಾಕ್ಟಿಕಲ್ ಕಡೆ. ಕಂಪ್ಯೂಟರ್ ಆರ್ಗನೈಸೇಷನ್, ಮೈಕ್ರೋಕಂಟ್ರೋಲರ್, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಟೆಕ್ನಿಕಲ್ ಕಡೆ. ಪ್ರಾಜೆಕ್ಟ್, ಇಂಟರ್ನ್‌ಶಿಪ್, ಸೆಮಿನಾರ್ ಬೇರೆ ಸಾಲು. ಆಮೇಲೆ 'ಲೆಕ್ಕಕ್ಕಿಲ್ಲ' ಅಂತ ಒಂದು ವಿಭಾಗ ಮಾಡಿ, ಫಸ್ಟ್ ಇಯರ್ ಕೆಮಿಸ್ಟ್ರಿ, ಸಿವಿಲ್, ಕಾನ್‌ಸ್ಟಿಟ್ಯೂಷನ್, ಬಳಕೆ ಕನ್ನಡ ಎಲ್ಲಾ ಅಲ್ಲಿ ಹಾಕಿ. ಈ ಲೆಕ್ಕಕ್ಕಿಲ್ಲದ್ದು ಕೂಡಿಸಿ ನೋಡಿದಾಗ ನಿಮ್ಮ 240ರಲ್ಲಿ ನಿಜವಾಗ್ಲೂ ಎಷ್ಟು ಕೈಗೆ ಬರತ್ತೆ ಅಂತ ಗೊತ್ತಾಗತ್ತೆ, ಬೇಜಾರಾಗ್ಬಹುದು, ಈಗಲೇ ಆಗ್ಲಿ ಬಿಡಿ.

240 ಅನ್ನೋದು ನಾವು ಹಾಕ್ಕೊಂಡ ಲೆಕ್ಕ ಅನ್ನೋದು ನೆನಪಿರ್ಲಿ. ಯೂನಿವರ್ಸಿಟಿ ಇದನ್ನ ಒಪ್ಲೇಬೇಕು ಅಂತಿಲ್ಲ, ಕೆಲವು ಕಡೆ ಸಿಲಬಸ್‌ನಲ್ಲಿರೋ ಗಂಟೆ ನೋಡಿ ಅವರೇ ಬೇರೆ ಲೆಕ್ಕ ಹಾಕ್ತಾರೆ. ಅದಕ್ಕೇ ಆದಷ್ಟೂ ಯಾವ ವಿಭಾಗದಲ್ಲೂ ಅಂಚಿನಲ್ಲಿ ನಿಂತ್ಕೊಂಡು ಅಪ್ಲೈ ಮಾಡ್ಬೇಡಿ.

## ಹಂತ 3: ಸಿಜಿಪಿಎನ ಜರ್ಮನ್ ಗ್ರೇಡ್‌ಗೆ ಇಳಿಸಿ

ಅಲ್ಲಿ 1.0 ಅತ್ಯುತ್ತಮ, 4.0 ಅಂದ್ರೆ ಜಸ್ಟ್ ಪಾಸ್. ಬಳಸೋದು ಮಾಡಿಫೈಡ್ ಬವೇರಿಯನ್ ಫಾರ್ಮುಲಾ: ಗರಿಷ್ಠದಿಂದ ನಿಮ್ಮ ಅಂಕ ಕಳೀರಿ, ಗರಿಷ್ಠದಿಂದ ಕನಿಷ್ಠ ಪಾಸ್ ಕಳೀರಿ, ಮೊದಲನೇದನ್ನ ಎರಡನೇದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ.

ಸಿಜಿಪಿಎ 8, ಗರಿಷ್ಠ 10, ಕನಿಷ್ಠ ಪಾಸ್ 4 ಅಂತ ಹಿಡಿದ್ರೆ 2.0 ಬರತ್ತೆ. ಅದೇ ಕನಿಷ್ಠ ಪಾಸ್ 5 ಅಂತ ಹಿಡಿದ್ರೆ 2.2. ಕೋರ್ಸ್ 2.0ಗಿಂತ ಕೆಟ್ಟ ಗ್ರೇಡ್‌ನವರು ಬೇಡ ಅಂದ್ರೆ ಈ ಒಂದು ಸಂಖ್ಯೆ ಮೇಲೆ ನಿಮ್ಮ ಹಣೆಬರಹ ನಿಂತಿರತ್ತೆ. ಕನಿಷ್ಠ ಪಾಸ್ ಎಷ್ಟು ಅಂತ ನಿಮ್ಮ ಮಾರ್ಕ್ಸ್ ಕಾರ್ಡ್ ಹಿಂದುಗಡೆ ಅಥವಾ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಪ್ರಿಂಟ್ ಆಗಿರೋದೇ ಹಿಡೀತಾರೆ, ಅನುಕೂಲಕ್ಕೆ ತಕ್ಕಂಗೆ ಹಾಕ್ಕೊಂಡು ಖುಷಿ ಪಡ್ಬೇಡಿ. ಎರಡೂ ಥರ ಲೆಕ್ಕ ಮಾಡಿ, ಕೆಟ್ಟದ್ದನ್ನೇ ಶೀಟಲ್ಲಿ ಬರ್ಕೊಳ್ಳಿ.

## ಹಂತ 4: ಎರಡು ಡೇಟಾಬೇಸ್, ಬೇರೆಲ್ಲೂ ಅಲ್ಲ

ಮೊದಲನೇದು ಡಿಎಎಡಿಯ, ಅಂದ್ರೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯ, ಇಂಟರ್‌ನ್ಯಾಷನಲ್ ಪ್ರೋಗ್ರಾಮ್ಸ್ ಪಟ್ಟಿ. ಇದರಲ್ಲಿ ಭಾಷೆ, ವಿಷಯ, ಫೀಸು, ಯಾವ ಸೆಮಿಸ್ಟರ್‌ಗೆ ಶುರು ಅಂತೆಲ್ಲ ಫಿಲ್ಟರ್ ಹಾಕ್ಬಹುದು. ಎರಡನೇದು ಹೋಖ್‌ಶೂಲ್‌ಕಂಪಾಸ್, ಜರ್ಮನಿಯ ಯೂನಿವರ್ಸಿಟಿ ಮುಖ್ಯಸ್ಥರ ಒಕ್ಕೂಟ ನಡೆಸೋದು, ಅಲ್ಲಿ ಸರ್ಕಾರಿ ಮತ್ತು ಸರ್ಕಾರದ ಮಾನ್ಯತೆ ಇರೋ ಸಂಸ್ಥೆಗಳ ಕೋರ್ಸ್‌ಗಳು ಸಿಗತ್ತೆ. ಡಿಎಎಡಿ ಪಟ್ಟಿಯಲ್ಲಿ ಇಲ್ಲದ ಇಂಗ್ಲಿಷ್ ಕೋರ್ಸ್‌ಗಳು ಎರಡನೇದರಲ್ಲಿ ಸಿಗತ್ವೆ, ಅಂಥದ್ದಕ್ಕೆ ಭಾರತದಿಂದ ಅಪ್ಲಿಕೇಷನ್ ಕಮ್ಮಿ, ಸ್ವಲ್ಪ ಒದ್ದಾಡಿ ಹುಡುಕಿದ್ರೆ ಲಾಭ ಇದೆ.

ಹುಡುಕುವಾಗ ಒಂದೇ ಹೆಸರು ಹಿಡ್ಕೊಂಡು ಕೂರ್ಬೇಡಿ. ಡೇಟಾ ಸೈನ್ಸ್ ಬೇಕು ಅಂತ ಆ ಎರಡು ಪದ ಟೈಪ್ ಮಾಡಿದ್ರೆ ಮಾನ್‌ಹೈಮ್‌ನ ಡೇಟಾ ಸೈನ್ಸ್ ಸಿಗತ್ತೆ, ಆದ್ರೆ ಮ್ಯೂನಿಕ್ ಟಿಯು, ಅಂದ್ರೆ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ಅದಕ್ಕೆ ಹತ್ತಿರದ್ದು ಡೇಟಾ ಎಂಜಿನಿಯರಿಂಗ್ ಅಂಡ್ ಅನಾಲಿಟಿಕ್ಸ್, ಮಾಗ್ಡೆಬುರ್ಗ್‌ನಲ್ಲಿ ಡೇಟಾ ಅಂಡ್ ನಾಲೆಡ್ಜ್ ಎಂಜಿನಿಯರಿಂಗ್, ಕೊನ್‌ಸ್ಟಾನ್ಸ್‌ನಲ್ಲಿ ಸೋಷಿಯಲ್ ಅಂಡ್ ಎಕನಾಮಿಕ್ ಡೇಟಾ ಸೈನ್ಸ್. ನಾಲ್ಕೂ ಒಂದೇ ಅಲ್ಲ. ಕೊನೇದರ ಹೆಸರಲ್ಲೇ ಸಮಾಜ, ಅರ್ಥಶಾಸ್ತ್ರ ಇದೆ, ಬರೀ ಕೋಡಿಂಗ್ ಆಸೆಯಿಂದ ಹೋಗೋರಿಗೆ ಅದಲ್ಲ. ಲಗ್ನಪತ್ರಿಕೆ ನೋಡಿ ಊಟ ಹೇಗಿರತ್ತೆ ಅಂತ ಹೇಳೋಕಾಗಲ್ಲ, ಹಾಗೆ ಇದು.

ಇಸಿ ಮಾಡಿದವರಿಗೆ ಒಂದು ಮಾತು. ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್‌ಗೆ ಸಾಲಾಗಿ ಅಪ್ಲೈ ಮಾಡಿ ಸಾಲಾಗಿ ರಿಜೆಕ್ಟ್ ಆಗೋರಲ್ಲಿ ನೀವೇ ಜಾಸ್ತಿ. ಎಂಬೆಡೆಡ್ ಸಿಸ್ಟಮ್ಸ್, ಕಮ್ಯುನಿಕೇಷನ್ಸ್ ಎಂಜಿನಿಯರಿಂಗ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಅಂಡ್ ಇನ್ಫರ್ಮೇಷನ್ ಟೆಕ್ನಾಲಜಿ, ಮೆಕಾಟ್ರಾನಿಕ್ಸ್, ಈ ಕಡೆ ನೋಡಿ. ಒಳಗೆ ಹೋದ್ಮೇಲೆ ಮಷೀನ್ ಲರ್ನಿಂಗ್ ಇಲೆಕ್ಟಿವ್ ತಗೊಳ್ಳೋಕೆ ಎಷ್ಟೋ ಕಡೆ ಅವಕಾಶ ಇರತ್ತೆ.

## ಹಂತ 5: ಮೊದಲ ಜರಡಿ

ಇಷ್ಟೊತ್ತಿಗೆ ನಲವತ್ತು-ಐವತ್ತು ಕೋರ್ಸ್ ಸಿಕ್ಕಿರತ್ತೆ. ಒಂದೊಂದನ್ನೂ ಆಳವಾಗಿ ಓದೋ ಮುಂಚೆ ಮೂರು ಪ್ರಶ್ನೆ ಕೇಳಿ ಅರ್ಧ ಹೊರಗೆ ಹಾಕಿ.

ಇದು ಕೊನ್‌ಸೆಕುಟಿವ್ ಮಾಸ್ಟರ್ಸಾ, ವೈಟರ್‌ಬಿಲ್ಡೆಂಡ್ ಮಾಸ್ಟರ್ಸಾ? ಮೊದಲನೇದು ಬ್ಯಾಚುಲರ್ಸ್ ಮುಂದುವರಿಕೆ, ಸರ್ಕಾರಿ ಯೂನಿವರ್ಸಿಟಿಯಲ್ಲಿ ಸಾಮಾನ್ಯವಾಗಿ ಟ್ಯೂಷನ್ ಫೀಸ್ ಇಲ್ಲದ್ದು. ಎರಡನೇದು ಕೆಲಸದಲ್ಲಿರೋರಿಗೆ ಅಂತ ಮಾಡಿದ್ದು, ಕಮ್ಮಿ ಅಂದ್ರೂ ಒಂದು ವರ್ಷ ಕೆಲಸದ ಅನುಭವ ಕೇಳ್ತಾರೆ, ಸರ್ಕಾರಿ ಯೂನಿವರ್ಸಿಟಿ ಆದ್ರೂ ಫೀಸು ಜೋರಾಗೇ ಇರತ್ತೆ. ಸರ್ಕಾರಿ ಅಂತ ಖುಷಿಯಾಗಿ ಅಪ್ಲೈ ಮಾಡಿ ಆಮೇಲೆ ಸಾವಿರಾರು ಯೂರೋ ಬಿಲ್ ನೋಡಿ ಬೆಚ್ಚಿ ಬೀಳೋದು ಇಲ್ಲೇ.

ಫೀಸ್ ಎಷ್ಟು? ಜರ್ಮನಿ ಪೂರ್ತಿ ಫ್ರೀ ಅನ್ನೋದು ಹಳೇ ಮಾತು. ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2017ರ ವಿಂಟರ್‌ನಿಂದ ಯೂರೋಪಿಯನ್ ಯೂನಿಯನ್ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಟಿಯು9, ಅಂದ್ರೆ ಒಂಬತ್ತು ಹೆಸರಾಂತ ಟೆಕ್ನಿಕಲ್ ಯೂನಿವರ್ಸಿಟಿಗಳ ಗುಂಪು, ಅಂತ ಜಪ ಮಾಡೋರು ಗಮನಿಸಿ, ಸ್ಟುಟ್‌ಗಾರ್ಟ್, ಕಾರ್ಲ್ಸ್‌ರುಹೆಯ ಕೆಐಟಿ ಎರಡೂ ಈ ರಾಜ್ಯದಲ್ಲೇ ಇವೆ, ಮಾನ್‌ಹೈಮ್, ಕೊನ್‌ಸ್ಟಾನ್ಸ್ ಕೂಡ. ಮ್ಯೂನಿಕ್ ಟಿಯು 2024ರ ವಿಂಟರ್‌ನಿಂದ ಮಾಸ್ಟರ್ಸ್‌ಗೆ ಕೋರ್ಸ್ ನೋಡ್ಕೊಂಡು ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಹಾಕಿದೆ. ಮಿಕ್ಕ ಬಹಳಷ್ಟು ಕಡೆ ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಸಾಮಾನ್ಯವಾಗಿ 100ರಿಂದ 400 ಯೂರೋ ಒಳಗೆ ಕಟ್ಟಿದ್ರೆ ಮುಗೀತು. ಫೀಸ್ ವಿಷಯ ಡೇಟಾಬೇಸಲ್ಲಿ ನೋಡಿ ನಂಬ್ಬೇಡಿ, ಯೂನಿವರ್ಸಿಟಿ ಪೇಜಲ್ಲೇ ಈ ವರ್ಷದ್ದು ನೋಡಿ.

ಸೀಟ್ ಮಿತಿ ಇದೆಯಾ? ಎನ್‌ಸಿ ಅಂತ ಇದ್ರೆ ಸೀಟ್ ಲಿಮಿಟೆಡ್, ಸ್ಪರ್ಧೆ. ಹೋದ ವರ್ಷದ ಎನ್‌ಸಿ 1.9 ಅಂದ್ರೆ ಅದು ಈ ವರ್ಷದ ಕಟಾಫ್ ಅಲ್ಲ, ಹೋದ ವರ್ಷ ಕೊನೇ ಸೀಟು ಸಿಕ್ಕಿದವನ ಗ್ರೇಡು ಅಷ್ಟೇ. ತ್ಸುಲಾಸುಂಗ್ಸ್‌ಫ್ರೈ ಅಂತ ಇದ್ರೆ ಸೀಟ್ ಮಿತಿ ಇಲ್ಲ, ಅರ್ಹತೆ ಇದ್ದವರಿಗೆಲ್ಲ ಸಿಗತ್ತೆ. ಆದ್ರೆ ಅರ್ಹತೆ ಇದ್ದವರಿಗೆ! ಈ ಪದ ನೋಡಿ ಗ್ಯಾರಂಟಿ ಸೀಟು ಅಂತ ತಿಳ್ಕೊಂಡು ಹಂತ 6 ಹಾರಿಸೋರು ಬಹಳ.

## ಹಂತ 6: ಅಡ್ಮಿಷನ್ ರೂಲ್ಸ್ ಓದಿ, ಒಂದೊಂದು ಸಾಲೂ ಹೊಂದಿಸಿ

ಇಡೀ ಗೈಡ್‌ನಲ್ಲಿ ಒಂದೇ ಹಂತ ಓದೋದಾದ್ರೆ ಇದನ್ನ ಓದಿ. ಕೋರ್ಸ್ ಪೇಜಲ್ಲಿ "ಕಂಪ್ಯೂಟರ್ ಸೈನ್ಸ್ ಅಥವಾ ಸಂಬಂಧಪಟ್ಟ ವಿಷಯದಲ್ಲಿ ಬ್ಯಾಚುಲರ್ಸ್" ಅಂತ ಒಂದು ಸಾಲು ಇರತ್ತೆ, ಅದು ಮುಖಪುಟದ ಮಾತು. ಕಾನೂನು ಪ್ರಕಾರ ಅವರು ನಡ್ಕೊಳ್ಳೋದು ಬೇರೆ ಪಿಡಿಎಫ್ ಪ್ರಕಾರ, ಹೆಸರು ತ್ಸುಲಾಸುಂಗ್ಸ್‌ಓರ್ಡ್ನುಂಗ್ ಅಥವಾ ತ್ಸುಗಾಂಗ್ಸ್‌ಓರ್ಡ್ನುಂಗ್, ಕೆಲವು ಕಡೆ ಪರೀಕ್ಷಾ ನಿಯಮದ ಒಳಗೇ ಒಂದು ಸೆಕ್ಷನ್. ಬಹಳಷ್ಟು ಸಲ ಜರ್ಮನ್‌ನಲ್ಲೇ ಇರತ್ತೆ, ಟ್ರಾನ್ಸ್‌ಲೇಟರ್‌ಗೆ ಹಾಕಿ. ಅದರಲ್ಲಿ ಇಸಿಟಿಎಸ್ ಅಥವಾ ಎಲ್‌ಪಿ ಅನ್ನೋ ಪದ ಹುಡುಕಿ, ಎರಡೂ ಒಂದೇ. ಅದು ಸಿಕ್ಕ ಕಡೆ ನಿಮ್ಮ ಭವಿಷ್ಯ ಬರೆದಿರತ್ತೆ.

ಒಂದು ಲೆಕ್ಕ ಮಾಡಿ ತೋರಿಸ್ತೀನಿ. ಒಂದು ಕೋರ್ಸ್ ಗಣಿತದಲ್ಲಿ 20, ಥಿಯರೆಟಿಕಲ್‌ನಲ್ಲಿ 10 ಇಸಿಟಿಎಸ್ ಕೇಳತ್ತೆ ಅಂದ್ಕೊಳ್ಳಿ. ನಿಮ್ಮ ಹತ್ರ ಮ್ಯಾಥ್ಸ್ ನಾಲ್ಕು ಪೇಪರ್ ತಲಾ 3 ಕ್ರೆಡಿಟ್, ಡಿಸ್ಕ್ರೀಟ್ ಮ್ಯಾಥ್ಸ್ 3, ಒಟ್ಟು 15. ಆಟೋಮಾಟಾ 3, ಅಲ್ಗಾರಿದಮ್ಸ್ 4, ಒಟ್ಟು 7. ಒಂದಕ್ಕೆ 1.5 ಲೆಕ್ಕದಲ್ಲಿ ಗಣಿತ 22.5, ಥಿಯರಿ 10.5, ಎರಡೂ ಪಾಸು. ಅದೇ ಪೇಪರ್‌ಗಳು ಅದೇ ಕ್ರೆಡಿಟ್‌ಗಳು, ಡಿಗ್ರಿ ಮಾತ್ರ 175 ಕ್ರೆಡಿಟ್ಟಿಂದು ಅಂದ್ರೆ ಒಂದಕ್ಕೆ 1.37, ಗಣಿತ 20.6 ಬಂದು ಹೇಗೋ ದಾಟ್ತು, ಥಿಯರಿ 9.6ಕ್ಕೆ ನಿಂತು ರಿಜೆಕ್ಟ್. ಆಗ ಕೆಲವರು ಡಿಸ್ಕ್ರೀಟ್ ಮ್ಯಾಥ್ಸ್‌ನ ಥಿಯರಿ ಕಡೆಗೂ ತೋರಿಸ್ತಾರೆ, ಆ ಕಡೆಗೆ ಕೊಟ್ರೆ ಈ ಕಡೆ ಗಣಿತ 16.5ಕ್ಕೆ ಇಳಿಯತ್ತೆ. ಒಂದು ಪೇಪರ್‌ನ ಒಂದೇ ಕಡೆ ಲೆಕ್ಕಕ್ಕೆ ತಗೋಬೇಕು, ಎರಡು ಕಡೆ ತೋರಿಸಿದ್ದು ಕಂಡ್ರೆ ಮಿಕ್ಕಿದ್ದನ್ನೂ ಅನುಮಾನದಿಂದ ನೋಡ್ತಾರೆ.

ಶೀಟಲ್ಲಿ ಪ್ರತಿ ಕೋರ್ಸಿಗೂ ಬಣ್ಣ ಹಾಕಿ. ಎಲ್ಲಾ ವಿಭಾಗದಲ್ಲೂ ಕೇಳಿದ್ದಕ್ಕಿಂತ ಒಂದು ಪೇಪರ್‌ನಷ್ಟು ಜಾಸ್ತಿ ಇದ್ರೆ ಹಸಿರು. ಸರಿಯಾಗಿ ಅಂಚಿಗೆ ಬಂದ್ರೆ ಹಳದಿ. ಒಂದು ವಿಭಾಗದಲ್ಲಿ ಕಮ್ಮಿ ಇದ್ರೂ ಕೆಂಪು. ಕೆಂಪು ಬಂದಾಗ ತಕ್ಷಣ ಬಿಡ್ಬೇಡಿ, ಅದೇ ಪಿಡಿಎಫ್‌ನಲ್ಲಿ ಔಫ್ಲಾಗೆನ್ ಅನ್ನೋ ಪದ ಇದೆಯಾ ನೋಡಿ. ಅಂದ್ರೆ ಷರತ್ತಿನ ಮೇಲೆ ಅಡ್ಮಿಷನ್, ಕಮ್ಮಿ ಇರೋ ಬ್ಯಾಚುಲರ್ಸ್ ಪೇಪರ್‌ಗಳನ್ನ ಅಲ್ಲಿ ಹೋಗಿ ಪಾಸ್ ಮಾಡ್ಬೇಕು. ಸಿಗತ್ತೆ ಅಂತ ಖುಷಿನೇ, ಆದ್ರೆ ಆ ಬ್ಯಾಚುಲರ್ಸ್ ಕ್ಲಾಸ್‌ಗಳು ಬಹಳ ಕಡೆ ಜರ್ಮನ್‌ನಲ್ಲೇ ನಡೆಯೋದು, ಅದನ್ನ ಮೊದಲೇ ಕೇಳಿ ತಿಳ್ಕೊಳ್ಳಿ.

ಇದೇ ಓದಿನಲ್ಲಿ ಇನ್ನೆರಡು ಕಣ್ಣಿಗೆ ಬೀಳತ್ತೆ. ಭಾಷೆ: ಐಇಎಲ್‌ಟಿಎಸ್ ಒಟ್ಟು 6.5 ಸಾಮಾನ್ಯ, ಕೆಲವು ಕಡೆ ಪ್ರತಿ ಸೆಕ್ಷನ್‌ಗೂ ಕನಿಷ್ಠ ಇರತ್ತೆ, ಕಾಲೇಜು ಕೊಡೋ 'ಇಂಗ್ಲಿಷ್ ಮಾಧ್ಯಮ' ಲೆಟರ್‌ನ ಎಷ್ಟೋ ಕಡೆ ಒಪ್ಪಲ್ಲ. ಒಟ್ಟು ಕ್ರೆಡಿಟ್: ಮೂರು ಸೆಮಿಸ್ಟರ್‌ನ 90 ಇಸಿಟಿಎಸ್ ಮಾಸ್ಟರ್ಸ್‌ಗಳು ಸಾಮಾನ್ಯವಾಗಿ 210 ಇಸಿಟಿಎಸ್ ಬ್ಯಾಚುಲರ್ಸ್ ಕೇಳ್ತವೆ, ಮೂರು ವರ್ಷದ ಬಿಎಸ್ಸಿ, ಬಿಸಿಎ ಮಾಡಿದವರಿಗೆ ಇಲ್ಲೇ ಅಡ್ಡಿ.

## ಹಂತ 7: ಮಾಡ್ಯೂಲ್ ಹ್ಯಾಂಡ್‌ಬುಕ್ ತೆಗೀರಿ

ಹಸಿರು, ಹಳದಿ ಬಂದಿರೋ ಕೋರ್ಸ್‌ಗಳಿಗೆ ಮಾತ್ರ ಇದು. ಜರ್ಮನ್‌ನಲ್ಲಿ ಮೊಡೂಲ್‌ಹಾಂಡ್‌ಬೂಖ್, ನೂರಾರು ಪುಟದ ಪಿಡಿಎಫ್, ಪ್ರತಿ ಸಬ್ಜೆಕ್ಟ್‌ಗೂ ಒಂದೆರಡು ಪುಟ. ಪೂರ್ತಿ ಓದ್ಬೇಕಿಲ್ಲ. ಪ್ರತಿ ಪುಟದಲ್ಲೂ ಒಂದು ಚಿಕ್ಕ ಟೇಬಲ್ ಇರತ್ತೆ, ಅದರಲ್ಲಿ ಮೂರು ಸಾಲು ನೋಡಿ.

ಶ್‌ಪ್ರಾಖೆ, ಅಂದ್ರೆ ಭಾಷೆ. ಕೋರ್ಸ್ ಇಂಗ್ಲಿಷ್ ಅಂತ ಜಾಹೀರು ಮಾಡಿರ್ತಾರೆ, ಕಡ್ಡಾಯ ಪೇಪರ್‌ಗಳು ಇಂಗ್ಲಿಷಲ್ಲೇ ಇರತ್ತೆ, ಆದ್ರೆ ಇಲೆಕ್ಟಿವ್ ಪಟ್ಟಿಗೆ ಬಂದ್ರೆ ಸಾಲುಸಾಲಾಗಿ ಡಾಯ್ಚ್, ಡಾಯ್ಚ್, ಡಾಯ್ಚ್. ನಿಮಗೆ ಇಷ್ಟ ಇರೋ ರೊಬೊಟಿಕ್ಸ್ ಪೇಪರ್ ಇದೆ, ಆದ್ರೆ ಜರ್ಮನ್‌ನಲ್ಲಿ ಮಾತ್ರ. ಜರ್ಮನ್ ಪೇಪರ್‌ಗಳನ್ನ ತೆಗೆದುಹಾಕಿ ಮಿಕ್ಕಿದ್ದು ಎಣಿಸಿ, ಡಿಗ್ರಿ ಮುಗಿಸೋಕೆ ಬೇಕಾದಷ್ಟು ಇಂಗ್ಲಿಷ್ ಕ್ರೆಡಿಟ್ ಸಿಗತ್ತಾ, ನಿಮಗೆ ಬೇಕಾದ ವಿಷಯದಲ್ಲಿ ಸಿಗತ್ತಾ ನೋಡಿ.

ಟುರ್ನುಸ್, ಅಂದ್ರೆ ಎಷ್ಟು ದಿನಕ್ಕೊಮ್ಮೆ ಪಾಠ ನಡೆಯತ್ತೆ. ವಿಂಟರ್‌ಗೆ ಮಾತ್ರ ಅಂತ ಇದ್ರೆ ಏಪ್ರಿಲ್‌ಗೆ ಹೋಗೋರು ಬುನಾದಿ ಪೇಪರ್ ಇಲ್ಲದೇ ಮುಂದಿನ ಪೇಪರ್‌ಗೆ ಕೂರ್ಬೇಕಾಗತ್ತೆ, ಡಿಗ್ರಿ ಒಂದು ಸೆಮಿಸ್ಟರ್ ಎಳೀಬಹುದು. ಸಮ್ಮರ್ ಇನ್‌ಟೇಕ್‌ಗೆ ಸ್ಪರ್ಧೆ ಕಮ್ಮಿ ಅಂತ ಓಡೋ ಮುಂಚೆ ಇದನ್ನ ನೋಡಿ.

ಫೋರೌಸ್‌ಜೆಟ್ಸುಂಗ್, ಅಂದ್ರೆ ಪೂರ್ವಜ್ಞಾನ. ಮೂರ್ನಾಲ್ಕು ಕಡ್ಡಾಯ ಪೇಪರ್‌ಗಳ ಈ ಸಾಲು ಓದಿ, ನಿಮ್ಮ ವಿಟಿಯು ಸಿಲಬಸ್ ಪಕ್ಕ ಇಟ್ಕೊಂಡು. ಅಲ್ಲಿ ಮೆಷರ್ ಥಿಯರಿ, ಫಂಕ್ಷನಲ್ ಅನಾಲಿಸಿಸ್ ಅಂತ ಬರೆದಿದ್ದು ನೀವು ಹೆಸರೇ ಕೇಳಿಲ್ಲ ಅಂದ್ರೆ ಅಡ್ಮಿಷನ್ ಸಿಕ್ಕಿದ್ರೂ ಯೋಚ್ನೆ ಮಾಡಿ. ಯಾಕಂದ್ರೆ ಅಲ್ಲಿ ನಮ್ಮ ಥರ ಬ್ಯಾಕ್‌ಲಾಗ್ ಎಷ್ಟು ಸಲ ಬೇಕಾದ್ರೂ ಬರೆಯೋ ಪದ್ಧತಿ ಎಲ್ಲಾ ಕಡೆ ಇಲ್ಲ, ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಒಂದು ಪೇಪರ್‌ಗೆ ಮೂರೇ ಅವಕಾಶ, ಕಡ್ಡಾಯ ಪೇಪರ್‌ನಲ್ಲಿ ಮೂರನೇ ಸಲವೂ ಫೇಲಾದ್ರೆ ಆ ಕೋರ್ಸಿಂದಲೇ ಹೊರಗೆ, ಅದೇ ವಿಷಯನ ಜರ್ಮನಿಯ ಇನ್ನೊಂದು ಕಡೆ ಸೇರೋದೂ ಕಷ್ಟ. ಎಷ್ಟು ಅವಕಾಶ ಅನ್ನೋದು ಪ್ರ್ಯೂಫುಂಗ್ಸ್‌ಓರ್ಡ್ನುಂಗ್ ಅನ್ನೋ ಪರೀಕ್ಷಾ ನಿಯಮದಲ್ಲಿ ಇರತ್ತೆ.

## ಹಂತ 8: ಅನುಮಾನ ಇದ್ರೆ ಮೇಲ್ ಹಾಕಿ, ಆದ್ರೆ ಸರಿಯಾಗಿ

ಪ್ರತಿ ಕೋರ್ಸಿಗೂ ಫಾಖ್‌ಶ್ಟೂಡಿಯೆನ್‌ಬೆರಾಟುಂಗ್ ಅಂತ ಸಲಹೆಗಾರರು ಇರ್ತಾರೆ, ಕೋರ್ಸ್ ಪೇಜ್ ಕೆಳಗೆ ವಿಳಾಸ ಇರತ್ತೆ. ಅವರಿಗೆ "ಡಿಯರ್ ಸರ್, ನಾನು ಎಲಿಜಿಬಲ್ಲಾ? ಮಾರ್ಕ್ಸ್ ಕಾರ್ಡ್ ಲಗತ್ತಿಸಿದೀನಿ" ಅಂತ ಬರೆದ್ರೆ ಬರೋ ಉತ್ತರ ಒಂದೇ, ಅಪ್ಲೈ ಮಾಡಿ, ಕಮಿಟಿ ನೋಡತ್ತೆ ಅಂತ. ಅಥವಾ ಉತ್ತರನೇ ಬರಲ್ಲ.

ಕೇಳೋದು ಹೀಗಿರ್ಲಿ: ನಿಮ್ಮ ನಿಯಮದ ಇಂಥ ಸೆಕ್ಷನ್‌ನಲ್ಲಿ ಥಿಯರೆಟಿಕಲ್ ಕಂಪ್ಯೂಟರ್ ಸೈನ್ಸ್ 10 ಇಸಿಟಿಎಸ್ ಕೇಳಿದೀರಿ, ನಾನು ಆಟೋಮಾಟಾ ಥಿಯರಿ ಮತ್ತು ಅಲ್ಗಾರಿದಮ್ಸ್ ಓದಿದೀನಿ, ಎರಡರ ಸಿಲಬಸ್ ಪುಟ ಲಗತ್ತಿಸಿದೀನಿ, ಅಲ್ಗಾರಿದಮ್ಸ್‌ನ ಈ ವಿಭಾಗದಲ್ಲಿ ಪರಿಗಣಿಸ್ತೀರಾ? ನಾಲ್ಕೈದು ಸಾಲು, ಒಂದೇ ಪ್ರಶ್ನೆ. ಹೌದು ಅಂತ ಉತ್ತರ ಬಂದ್ರೂ ಅದು ಅಡ್ಮಿಷನ್ ಭರವಸೆ ಅಲ್ಲ, ಆದ್ರೆ ಹಳದಿನ ಹಸಿರು ಮಾಡ್ಬಹುದು. ವಾರಕ್ಕೆ ಮೂರು ಸಲ ರಿಮೈಂಡರ್ ಕಳಿಸ್ಬೇಡಿ, ಎರಡು ವಾರ ಬಿಟ್ಟು ಒಂದು ಸಲ ಸಾಕು.

## ಹಂತ 9: ಈಗ ದುಡ್ಡು ಕಟ್ಟಿ

ಇಲ್ಲೀವರೆಗೂ ಯೂನಿವರ್ಸಿಟಿ ಕಡೆ ಒಂದು ಪೈಸೆ ಖರ್ಚಾಗಿಲ್ಲ ಗಮನಿಸಿ. ಉಲ್ಟಾ ಮಾಡೋದೇ ದೊಡ್ಡ ತಪ್ಪು, ಮೊದಲು ದುಡ್ಡು ಕಟ್ಟಿ ಆಮೇಲೆ ರೂಲ್ಸ್ ಓದೋದು.

ಕೆಲವು ಯೂನಿವರ್ಸಿಟಿಗಳು ತಮ್ಮ ಪೋರ್ಟಲ್‌ನಲ್ಲೇ ಅರ್ಜಿ ತಗೋತವೆ, ಬಹಳಷ್ಟು ಯೂನಿ-ಅಸಿಸ್ಟ್ ಮೂಲಕ, ಅದು ಹಲವು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸೋ ಸಂಸ್ಥೆ. ಯೂನಿ-ಅಸಿಸ್ಟ್‌ನಲ್ಲಿ ಒಂದು ಸೆಮಿಸ್ಟರ್‌ಗೆ ಮೊದಲ ಕೋರ್ಸಿಗೆ 75 ಯೂರೋ, ಆಮೇಲೆ ಒಂದೊಂದಕ್ಕೂ 30. ಆರು ಕೋರ್ಸಿಗೆ 225. ದುಡ್ಡು ತಲುಪೋವರೆಗೂ ಫೈಲ್ ಮುಟ್ಟಲ್ಲ, ಮುಟ್ಟಿದ್ಮೇಲೆ ನಾಲ್ಕರಿಂದ ಆರು ವಾರ ತಗೋತಾರೆ, ಅವರೇ ಹೇಳೋದು ಡೆಡ್‌ಲೈನ್‌ಗೆ ಎಂಟು ವಾರ ಮುಂಚೆ ಕಳಿಸಿ ಅಂತ. ಕೆಲವು ಯೂನಿವರ್ಸಿಟಿಗೆ ವಿಪಿಡಿ ಅನ್ನೋ ಸರ್ಟಿಫಿಕೇಟ್ ಯೂನಿ-ಅಸಿಸ್ಟಿಂದ ತಗೊಂಡು ಅದನ್ನ ನೀವೇ ಯೂನಿವರ್ಸಿಟಿ ಪೋರ್ಟಲ್‌ನಲ್ಲಿ ಹಾಕ್ಬೇಕು, ಎರಡು ಹೆಜ್ಜೆ ಇರೋದು ಗೊತ್ತಿಲ್ದೇ ಮೊದಲನೇದಕ್ಕೇ ನಿಂತು ಅಪ್ಲಿಕೇಷನ್ ಹೋಯ್ತು ಅಂತ ನೆಮ್ಮದಿಯಾಗಿರೋರು ಪ್ರತಿ ವರ್ಷ ಸಿಗ್ತಾರೆ.

ಎಷ್ಟು ಕಡೆ ಹಾಕೋದು? ನನ್ನ ಪ್ರಕಾರ ಆರರಿಂದ ಎಂಟು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿರು, ಒಂದೆರಡು ಹಳದಿ. ಕೆಂಪಿಗೆ ಆಸೆಯಿಂದ ಒಂದು ಅಂತ ಹಾಕೋದು 30 ಯೂರೋ ದಾನ. ಮತ್ತೆ ಹೆಸರಾಂತ ಯೂನಿವರ್ಸಿಟಿಗಳ ಜೊತೆ ಹೋಖ್‌ಶೂಲೆ ಅನ್ನೋ ಅನ್ವಯಿಕ ವಿಜ್ಞಾನದ ಕಾಲೇಜುಗಳನ್ನೂ ನೋಡಿ, ಅಲ್ಲಿ ಪಾಠ ಇಂಡಸ್ಟ್ರಿ ಕಡೆ ವಾಲಿರತ್ತೆ. ಪಿಎಚ್‌ಡಿ ಆಸೆ ಇದ್ರೆ ಮಾತ್ರ ಯೂನಿವರ್ಸಿಟಿಗೇ ಮೊದಲ ಆದ್ಯತೆ ಕೊಡಿ.

ಮೋಟಿವೇಷನ್ ಲೆಟರ್‌ನಲ್ಲಿ ಚಿಕ್ಕಂದಿನಿಂದ ಕಂಪ್ಯೂಟರ್ ಹುಚ್ಚು ಅನ್ನೋ ಕಥೆ ಬೇಡ. ಹಂತ 7ರಲ್ಲಿ ಓದಿದ್ರಲ್ಲ, ಆ ಮಾಡ್ಯೂಲ್‌ಗಳ ಹೆಸರು ಹಿಡಿದು ಬರೀರಿ, ಅದೇ ಲೆಟರ್‌ನ ಎಲ್ಲಾ ಕಡೆ ಕಳಿಸೋರಿಗಿಂತ ಅಲ್ಲೇ ಮುಂದೆ ಹೋಗ್ತೀರಿ.

## ಈ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿಸಿ

ಕೋರ್ಸ್ ಹೋಖ್‌ಶೂಲ್‌ಕಂಪಾಸ್‌ನಲ್ಲಿ ಸಿಗ್ತಿಲ್ಲ. ಅನಾಬಿನ್ ಅನ್ನೋ ಸರ್ಕಾರಿ ಡೇಟಾಬೇಸಲ್ಲಿ ಆ ಸಂಸ್ಥೆಗೆ ಎಚ್ ಪ್ಲಸ್ ಅನ್ನೋ ಮಾನ್ಯತೆಯ ಗುರುತು ಇಲ್ಲ. ಕ್ಯಾಂಪಸ್ ಬರ್ಲಿನ್‌ನಲ್ಲಿ, ಡಿಗ್ರಿ ಕೊಡೋದು ಮಾತ್ರ ಇನ್ಯಾವುದೋ ದೇಶದ ಯೂನಿವರ್ಸಿಟಿ. ಮಾರ್ಕ್ಸ್ ಕಾರ್ಡ್ ಕಳಿಸಿದ ಮೂರೇ ದಿನಕ್ಕೆ ಆಫರ್ ಲೆಟರ್, ಜೊತೆಗೆ ಡೆಪಾಸಿಟ್ ಕಟ್ಟೋಕೆ ವಾರದ ಗಡುವು.

ಕನ್ಸಲ್ಟೆನ್ಸಿ ಕಡೆ ಹೋಗೋರು ಒಂದು ಪರೀಕ್ಷೆ ಮಾಡಿ. ನಿಮ್ಮ ಹಸಿರು ಪಟ್ಟಿ ಮುಂದಿಟ್ಟು ಇದಕ್ಕೆ ಅಪ್ಲೈ ಮಾಡಿಕೊಡಿ ಅನ್ನಿ. "ಅದೆಲ್ಲ ಸಿಗಲ್ಲ, ಪ್ರೈವೇಟ್ ಹೋಗಿ, ನಮ್ಮ ಸರ್ವಿಸ್ ಫ್ರೀ" ಅಂದ್ರೆ ಆ ಫ್ರೀ ಸರ್ವಿಸ್‌ನ ದುಡ್ಡು ಪ್ರೈವೇಟ್ ಕಾಲೇಜು ಕೊಡ್ತಿದೆ ಅಂತ ಅರ್ಥ, ಕೊನೆಗೆ ಅದು ಬರೋದು ನಿಮ್ಮ ಅಪ್ಪನ ಎಜುಕೇಷನ್ ಲೋನ್‌ನಿಂದಲೇ. ಮಾನ್ಯತೆ ಇರೋ ಒಳ್ಳೇ ಪ್ರೈವೇಟ್‌ಗಳೂ ಇವೆ, ಆದ್ರೆ ಅದನ್ನ ನೀವು ಹುಡುಕಿ ಆರಿಸ್ಬೇಕು, ಇನ್ನೊಬ್ಬರು ನಿಮಗೆ ಮಾರ್ಬಾರ್ದು.

ಯೂನಿ-ಅಸಿಸ್ಟ್ ಪಾಸ್‌ವರ್ಡ್, ಅಪ್ಲಿಕೇಷನ್‌ಗೆ ಕೊಟ್ಟಿರೋ ಇಮೇಲ್ ಯಾರ ಕೈಗೂ ಕೊಡ್ಬೇಡಿ. ಬೇರೆಯವರ ಇಮೇಲಿಗೆ ಅಡ್ಮಿಷನ್ ಲೆಟರ್ ಬಂದು ಕೂತಿದ್ದು ಗೊತ್ತಾಗ್ದೇ ಸೀಟು ಕಳ್ಕೊಂಡೋರಿದಾರೆ.

## ಹಂತ 10: ಅಡ್ಮಿಷನ್ ಬಂದ್ಮೇಲೆ

ತ್ಸುಲಾಸುಂಗ್ಸ್‌ಬೆಶೈಡ್, ಅಂದ್ರೆ ಅಡ್ಮಿಷನ್ ಲೆಟರ್, ಬಂದ್ರೆ ಕೊನೇ ಪುಟದವರೆಗೂ ಓದಿ. ಸೀಟ್ ಒಪ್ಕೊಳ್ಳೋಕೆ ಕೊನೇ ದಿನ, ಷರತ್ತುಗಳು, ಡಿಗ್ರಿ ಸರ್ಟಿಫಿಕೇಟ್ ಯಾವತ್ತಿನ ಒಳಗೆ ಕೊಡ್ಬೇಕು ಅನ್ನೋದು ಅಲ್ಲಿರತ್ತೆ. ವಿಟಿಯು ರಿಸಲ್ಟು, ಪಿಡಿಸಿ (ತಾತ್ಕಾಲಿಕ ಡಿಗ್ರಿ ಸರ್ಟಿಫಿಕೇಟ್) ಎರಡೂ ತಡ ಆಗೋ ವರ್ಷಗಳಲ್ಲಿ ಇದೇ ತಲೆನೋವು, ತಡ ಆಗತ್ತೆ ಅನ್ನೋ ಸೂಚನೆ ಸಿಕ್ಕ ದಿನವೇ ಯೂನಿವರ್ಸಿಟಿಗೆ ಬರೆದು ಸಮಯ ಕೇಳಿ, ಗಡುವು ಮುಗಿದ್ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಬ್ಲಾಕ್ಡ್ ಅಕೌಂಟ್‌ಗೆ, ಅಂದ್ರೆ ಅಲ್ಲಿನ ಖರ್ಚಿನ ದುಡ್ಡು ಇದೆ ಅಂತ ವೀಸಾಗೆ ತೋರಿಸೋಕೆ ಮೊದಲೇ ಹಾಕಿಡೋ ಖಾತೆಗೆ, ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992ರ ಲೆಕ್ಕ, 2024ರ ಸೆಪ್ಟೆಂಬರ್‌ನಿಂದ ಇಷ್ಟು. ಕಟ್ಟೋ ದಿನ ಮೊತ್ತ ಇನ್ನೊಂದು ಸಲ ನೋಡ್ಕೊಳ್ಳಿ, ಆಗಾಗ ಏರಿಸ್ತಾರೆ. ವೀಸಾ ಸ್ಲಾಟ್‌ಗೆ ಅಡ್ಮಿಷನ್ ಬಂದ ದಿನದಿಂದಲೇ ಪ್ರಯತ್ನ ಶುರು ಮಾಡಿ. ವೀಸಾದವರು ಈ ಕೋರ್ಸೇ ಯಾಕೆ, ಯಾವ ಮಾಡ್ಯೂಲ್ ಓದ್ತೀರಿ ಅಂತ ಕೇಳ್ಬಹುದು, ಹಂತ 6, 7 ನೀವೇ ಮಾಡಿದ್ರೆ ಬಾಯಿಪಾಠ ಮಾಡೋ ಅಗತ್ಯ ಇರಲ್ಲ.

ಸಿಲಬಸ್ ಪಿಡಿಎಫ್ ಮತ್ತು ಎಕ್ಸೆಲ್ ಶೀಟ್ ಡಿಲೀಟ್ ಮಾಡ್ಬೇಡಿ. ಷರತ್ತಿನ ಅಡ್ಮಿಷನ್ ಸಿಕ್ಕಿದ್ರೆ ಅಲ್ಲಿ ಮೊದಲ ತಿಂಗಳಲ್ಲೇ ಯಾವ ಪೇಪರ್ ಮಾಫಿ ಆಗ್ಬಹುದು ಅಂತ ಪರೀಕ್ಷಾ ಕಚೇರಿಯಲ್ಲಿ ಕೇಳ್ಬೇಕಾಗತ್ತೆ, ಆಗ ಅವರು ಮೊದಲು ಕೇಳೋದು ಅದನ್ನೇ, ಸಬ್ಜೆಕ್ಟ್ ಕೋಡ್ ಸಮೇತ.